ಮಕ್ಕಳ ಬಳಿ ಅಮೆರಿಕಕ್ಕೆ ಹೋಗಿ ನೆಲೆಸುವವರಿಗೆ: ಮೊದಲ ಐದು ವರ್ಷ ಮತ್ತು ಆಸ್ಪತ್ರೆಯ ವಿಚಾರ

ಶಿವಮೊಗ್ಗದಿಂದ ಒಬ್ಬರು ಕೇಳಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾಗಿದ್ದಾರೆ, ವಯಸ್ಸು 64. ಅವರ ಯಜಮಾನರಿಗೆ 68. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ನ್ಯೂಜೆರ್ಸಿಯಲ್ಲಿರುವ ಮಗ ಅಮೆರಿಕದ ಪೌರ. ಇಬ್ಬರಿಗೂ ಗ್ರೀನ್ ಕಾರ್ಡ್‌ಗೆ, ಅಂದರೆ ಅಲ್ಲಿ ಕಾಯಂ ವಾಸಿಸುವ ಪರವಾನಗಿಗೆ, ಅರ್ಜಿ ಹಾಕಿದ್ದಾನೆ. ಮನೆ ಮಾರಿ ಹೋಗಿಬಿಡುವುದೇ, ಅಲ್ಲಿ ಕಾಯಿಲೆ ಬಿದ್ದರೆ ಗತಿಯೇನು, ಹೋಗಿ ನೆಲೆಸಿದವರು ತಮಗಾದದ್ದನ್ನು ಹೇಳಿ ಎಂದು ಅವರ ಕೋರಿಕೆ.

ನಾನು ಮೈಸೂರಿನಲ್ಲಿ ಪ್ರೌಢಶಾಲೆಯ ಶಿಕ್ಷಕಿಯಾಗಿದ್ದೆ. 2018ರ ಸೆಪ್ಟೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಗ್ರೀನ್ ಕಾರ್ಡ್ ಮೇಲೆ ಮಗಳ ಮನೆಗೆ, ನ್ಯೂಜೆರ್ಸಿಗೇ ಬಂದೆವು. ಹಾಗಾಗಿ ನಿಮ್ಮ ಪ್ರಶ್ನೆ ಓದಿದಾಗ ನಮ್ಮದೇ ಹಳೆಯ ರಾತ್ರಿಗಳು ನೆನಪಾದವು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಐದು ವರ್ಷ ತುಂಬುವವರೆಗೆ ಶಿವಮೊಗ್ಗದ ಮನೆ ಮಾರಬೇಡಿ. ಉಳಿದದ್ದೆಲ್ಲ ಈ ಐದು ವರ್ಷದ ಲೆಕ್ಕವೇ.

ಯಾಕೆ ಐದು ವರ್ಷ? ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇದೆ. ಆದರೆ ಗ್ರೀನ್ ಕಾರ್ಡ್ ಪಡೆದು ಬಂದ ತಂದೆತಾಯಿಗೆ ಅದು ಬಂದ ದಿನವೇ ಸಿಗುವುದಿಲ್ಲ. ಕಾರ್ಡ್ ಸಿಕ್ಕಮೇಲೆ ಐದು ವರ್ಷ ಸತತವಾಗಿ ಅಲ್ಲಿ ವಾಸವಿರಬೇಕು. ಆಮೇಲೂ ಅದು ಉಚಿತವಲ್ಲ. ಅಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ, ಅವರ ಗಂಡ ಅಥವಾ ಹೆಂಡತಿಗೆ ಮಾತ್ರ ಆಸ್ಪತ್ರೆಯ ಭಾಗ, ಅಂದರೆ ಪಾರ್ಟ್ ಎ, ಪುಕ್ಕಟೆ. ಮಗ ಇಪ್ಪತ್ತು ವರ್ಷ ತೆರಿಗೆ ಕಟ್ಟಿದ್ದರೂ ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ತಿಳಿಯದೆ ಬಂದವರನ್ನು ನಾನು ಬಹಳ ಜನ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. 2025ರಲ್ಲಿ ಪಾರ್ಟ್ ಎ ಕಂತು ತಿಂಗಳಿಗೆ 518 ಡಾಲರ್, ವೈದ್ಯರ ಭೇಟಿ ಮತ್ತು ಪರೀಕ್ಷೆಗಳ ಪಾರ್ಟ್ ಬಿ ಕಂತು 185 ಡಾಲರ್ ಇತ್ತು. ಒಬ್ಬರಿಗೆ ಒಟ್ಟು 703, ಇಬ್ಬರಿಗೆ 1,406. ಮಾತ್ರೆಗಳ ವಿಮೆ ಬೇರೆ. ಪ್ರತಿ ವರ್ಷ ಈ ಅಂಕಿ ಬದಲಾಗುತ್ತದೆ, ಹೆಚ್ಚಾಗಿ ಏರುತ್ತದೆ. ಮಗನ ಜೊತೆ ಕುಳಿತು ಈ ಮೊತ್ತವನ್ನು ಈಗಲೇ ಬಾಯಿಬಿಟ್ಟು ಮಾತನಾಡಿ. ಸಂಕೋಚದಿಂದ ಮುಚ್ಚಿಟ್ಟ ಲೆಕ್ಕ ಆಮೇಲೆ ಸೊಸೆಯ ಮುಂದೆ, ಮೊಮ್ಮಕ್ಕಳ ಮುಂದೆ ಎದ್ದು ನಿಲ್ಲುತ್ತದೆ.

ಐದು ವರ್ಷ ತುಂಬಿದ ಕೂಡಲೇ, ಮೆಡಿಕೇರ್ ನೋಂದಣಿ ಮಾಡುವ ಸೋಶಿಯಲ್ ಸೆಕ್ಯೂರಿಟಿ ಕಚೇರಿಗೆ ಹೋಗಿ ಅರ್ಜಿ ಹಾಕಿ. ತಡಮಾಡಿ ಅವಧಿ ಮೀರಿದರೆ ಪಾರ್ಟ್ ಬಿ ಕಂತಿಗೆ ವರ್ಷಕ್ಕೆ ಶೇಕಡಾ 10ರಂತೆ ದಂಡ ಸೇರುತ್ತದೆ. ಅದು ಒಂದು ಸಲ ಕಟ್ಟಿ ಮುಗಿಸುವ ದಂಡವಲ್ಲ, ಕೊನೆಯವರೆಗೂ ಕಂತಿನ ಜೊತೆ ಬರುತ್ತದೆ.

ಸರಿ, ನಡುವಿನ ಐದು ವರ್ಷ ಏನು ಮಾಡುವುದು? ಮಗನ ಕಂಪನಿಯ ವಿಮೆಯಲ್ಲಿ ಸಾಮಾನ್ಯವಾಗಿ ತಂದೆತಾಯಿಗೆ ಜಾಗವಿರುವುದಿಲ್ಲ. ಬಡವರಿಗಾಗಿ ಇರುವ ಮೆಡಿಕೇಯ್ಡ್ ಕೂಡ ಹೊಸ ಗ್ರೀನ್ ಕಾರ್ಡ್‌ನವರಿಗೆ ಹೆಚ್ಚಿನ ಕಡೆ ಐದು ವರ್ಷ ಸಿಗುವುದಿಲ್ಲ. ಉಳಿದದ್ದು ಮಾರ್ಕೆಟ್‌ಪ್ಲೇಸ್ ಎಂದು ಕರೆಯುವ ಸರ್ಕಾರಿ ವ್ಯವಸ್ಥೆಯ ಮೂಲಕ ಕೊಳ್ಳುವ ಖಾಸಗಿ ವಿಮೆ. ಒಬಾಮಾ ಕಾಲದ ಕಾನೂನಿನಿಂದ ಬಂದದ್ದು ಇದು. ಸ್ಟೆಂಟ್ ಇದೆ, ಸಕ್ಕರೆ ಇದೆ ಎಂದು ವಿಮಾ ಕಂಪನಿಯವರು ನಿರಾಕರಿಸುವಂತಿಲ್ಲ, ಅದಕ್ಕಾಗಿ ಕಂತು ಏರಿಸುವಂತೆಯೂ ಇಲ್ಲ. ನಿಮ್ಮ ಯಜಮಾನರಂಥವರಿಗೆ ಇದಕ್ಕಿಂತ ದೊಡ್ಡ ಆಸರೆ ಅಲ್ಲಿಲ್ಲ. ಆದರೆ ಬಂದ 60 ದಿನದೊಳಗೆ ಅರ್ಜಿ ಹಾಕಬೇಕು. ತಪ್ಪಿದರೆ ವರ್ಷದ ಕೊನೆಯ ನೋಂದಣಿ ಕಾಲದವರೆಗೆ ಕಾಯಬೇಕು.

ನಾವು ಇಳಿದ ವಾರದಲ್ಲೇ ಮಗಳು ಅರ್ಜಿ ಹಾಕಿದಳು. ವಿಮೆ ಜಾರಿಯಾದದ್ದು ಅಕ್ಟೋಬರ್ 1ರಿಂದ. ನಡುವಿನ ಮೂರು ವಾರಕ್ಕೆ ಮೈಸೂರಿನಲ್ಲೇ ಪ್ರವಾಸಿ ವಿಮೆ ಕೊಂಡಿದ್ದೆವು. ನೀವೂ ಹಾಗೆ ಮಾಡಿ, ಒಂದು ದಿನವೂ ಬರಿಗೈಯಲ್ಲಿ ಇರಬೇಡಿ. ಕಂತಿಗೆ ಸರ್ಕಾರದ ಸಹಾಯಧನ ನಮ್ಮ ಕಾಲದಲ್ಲಿ ಸುಲಭವಾಗಿ ಸಿಕ್ಕಿತು. ನಮ್ಮಂಥವರ ಆ ಲೆಕ್ಕವನ್ನು ನಂಬಿ ನೀವು ಹೊರಡಬೇಡಿ. 2026ರಿಂದ ನಿಯಮ ಬಿಗಿಯಾಗಿದೆ. ತೀರಾ ಕಡಿಮೆ ವರಮಾನದ ಹೊಸ ವಲಸಿಗರಿಗೆ ಇದ್ದ ವಿನಾಯಿತಿ ತೆಗೆದುಹಾಕಿದ್ದಾರೆ. ಪೂರ್ತಿ ಕಂತು ನೀವೇ ಕಟ್ಟಬೇಕಾಗಬಹುದು ಎಂದು ಎಣಿಸಿ. ಅರವತ್ತರ ಮೇಲಿನವರಿಗೆ ಆ ಕಂತು ದೊಡ್ಡದೇ.

ಈಗ ನಮ್ಮ ಮನೆಯಲ್ಲಿ ನಡೆದದ್ದು. 2019ರ ಜನವರಿಯ ಒಂದು ರಾತ್ರಿ ನಮ್ಮ ಯಜಮಾನರು ಎದ್ದು ಕುಳಿತು, "ಯಾಕೋ ಸಂಕಟವಾಗುತ್ತಿದೆ" ಎಂದರು. ಮೈಯೆಲ್ಲ ಬೆವರು. ಮಗಳು ಅಲ್ಲಿನ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಿದಳು. ಆಂಬ್ಯುಲೆನ್ಸಿನವರು ಏನಾಗುತ್ತಿದೆ ಎಂದು ಕೇಳಿದಾಗ ಅವಳು ಗಾಬರಿಯಲ್ಲಿ ಸಂಕಟವನ್ನು ವಾಕರಿಕೆ ಎಂದು ಇಂಗ್ಲಿಷಿಗೆ ತಿರುಗಿಸಿದಳು. ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಯಾವ ಭಾಷೆ ಎಂದು ಕೇಳಿ, ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಕರೆದರು. ಆ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ: "ಸಂಕಟ ಎಂದರೆ ಹೇಗೆ ಸಾರ್, ವಾಂತಿ ಬರುವ ಹಾಗೆಯೋ, ಎದೆ ಹಿಂಡಿದ ಹಾಗೆಯೋ?" ಇವರು ಅಂಗೈಯನ್ನು ಎದೆಯ ನಡುವೆ ಒತ್ತಿ ತೋರಿಸಿದರು. ಫೋನಿನಲ್ಲಿ ಅದು ಕಾಣುವುದಿಲ್ಲವಲ್ಲ. ಆಮೇಲೆ, "ಹಿಂಡಿದ ಹಾಗೆ ತಾಯಿ" ಎಂದರು. ಅಷ್ಟು ಹೊತ್ತು ನಿಧಾನವಾಗಿದ್ದ ಕೋಣೆ ಒಮ್ಮೆಲೇ ಚುರುಕಾಯಿತು. ಮರುದಿನ ಇವರಿಗೂ ಸ್ಟೆಂಟ್ ಹಾಕಿದರು.

ಆದ್ದರಿಂದ, ಇಂಗ್ಲಿಷ್ ಬಂದರೂ ಆಸ್ಪತ್ರೆಯಲ್ಲಿ ಕನ್ನಡದ ದುಭಾಷಿಯನ್ನು ಕೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇದನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ. ಸಂಕಟ, ಸುಸ್ತು, ಜೋಮು, ಸೆಳೆತ, ಉರಿ, ಇವುಗಳ ವ್ಯತ್ಯಾಸ ನಮ್ಮ ಬಾಯಲ್ಲಿ ಬರುವಷ್ಟು ಸ್ಪಷ್ಟವಾಗಿ ಮಕ್ಕಳ ಬಾಯಲ್ಲಿ ಬರುವುದಿಲ್ಲ. ಪಾಪ, ಅವರು ಹೆದರಿರುತ್ತಾರೆ.

ಇನ್ನು ಬಿಲ್. ತುರ್ತು ವಿಭಾಗದಲ್ಲಿ ದುಡ್ಡಿದೆಯೇ ಎಂದು ಮೊದಲು ಕೇಳಿ ಹಿಂದಕ್ಕೆ ಕಳಿಸುವಂತಿಲ್ಲ; 1986ರಿಂದಲೂ ಅದು ಕಾನೂನು. ಆದರೆ ಬಿಲ್ ಆಮೇಲೆ ಬರುತ್ತದೆ, ಒಂದಲ್ಲ. ಆಸ್ಪತ್ರೆಯದೊಂದು, ಹೃದಯದ ವೈದ್ಯರದೊಂದು, ಪ್ರಯೋಗಾಲಯದ್ದೊಂದು, ಆಂಬ್ಯುಲೆನ್ಸಿನದೊಂದು. ಮೂರು ತಿಂಗಳು ಲಕೋಟೆಗಳು ಬರುತ್ತಲೇ ಇದ್ದವು. ಅವುಗಳಲ್ಲಿ ಕೆಲವು ವಿಮಾ ಕಂಪನಿಯ ವಿವರಪಟ್ಟಿಗಳು, "ಇದು ಬಿಲ್ ಅಲ್ಲ" ಎಂದು ಮೇಲೆಯೇ ಅಚ್ಚಾಗಿರುತ್ತದೆ. ಮೊದಲನೆಯದನ್ನು ನೋಡಿ ನಮ್ಮ ಯಜಮಾನರು ಮೈಸೂರಿನ ಸೈಟು ಮಾರಿಬಿಡೋಣ ಎಂದು ಊಟ ಬಿಟ್ಟು ಕುಳಿತಿದ್ದರು. ಆ ಪಟ್ಟಿ ಬರುವವರೆಗೆ ಯಾವ ಬಿಲ್ಲಿಗೂ ಹಣ ಕಟ್ಟಬೇಡಿ. ಬಾಬುವಾರು ಬಿಲ್ ಕೇಳಿ ಪಡೆಯಿರಿ. ನಮಗೆ ಒಂದೇ ಪರೀಕ್ಷೆಗೆ ಎರಡು ಸಲ ಹಾಕಿದ್ದರು, ಮಗಳು ತೋರಿಸಿದ ಮೇಲೆ ತೆಗೆದರು. ಮಾರ್ಕೆಟ್‌ಪ್ಲೇಸ್ ವಿಮೆಯಲ್ಲಿ ವರ್ಷಕ್ಕೆ ನಮ್ಮ ಕೈಯಿಂದ ಹೋಗುವ ಹಣಕ್ಕೆ ಒಂದು ಮಿತಿ ಇದೆ. 2025ರಲ್ಲಿ ಒಬ್ಬರಿಗೆ ಹೆಚ್ಚೆಂದರೆ 9,200 ಡಾಲರ್, ಕಂತು ಬೇರೆ. ತುರ್ತು ಚಿಕಿತ್ಸೆ ಬಿಟ್ಟರೆ ಆ ವಿಮೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ ಈ ಲೆಕ್ಕ, ಹಾಗಾಗಿ ಮನೆಗೆ ಹತ್ತಿರದ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ವಿಮೆ ಆರಿಸಿ. ಕಟ್ಟಲು ಆಗದಿದ್ದರೆ ಸುಮ್ಮನಿರಬೇಡಿ. ಲಾಭರಹಿತ ಆಸ್ಪತ್ರೆಗಳು ಹಣದ ನೆರವಿನ ಯೋಜನೆ ಇಟ್ಟಿರಲೇಬೇಕು, ನಾವಾಗಿ ಕೇಳಬೇಕು ಅಷ್ಟೆ.

ಮಾತ್ರೆಗಳ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಮ್ಮವರ ಡಬ್ಬಿಯಲ್ಲಿ ಸಕ್ಕರೆಗೆ ಗ್ಲಿಕ್ಲಾಜೈಡ್, ರಕ್ತದೊತ್ತಡಕ್ಕೆ ಸಿಲ್ನಿಡಿಪಿನ್ ಇತ್ತು. ಅಲ್ಲಿನ ವೈದ್ಯೆ ಮಾತ್ರೆಯ ಹಾಳೆಯನ್ನು ತಿರುಗಿಸಿ ತಿರುಗಿಸಿ ಓದಿದರು, ಕಂಪ್ಯೂಟರಿನಲ್ಲಿ ಹುಡುಕಿದರು, ಸಿಗಲಿಲ್ಲ. ಆ ಎರಡೂ ಔಷಧ ಅಮೆರಿಕದಲ್ಲಿ ಮಾರಾಟದಲ್ಲೇ ಇಲ್ಲ. ನಮ್ಮಲ್ಲಿ ಬಹಳ ಜನ ತೆಗೆದುಕೊಳ್ಳುವ ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಕೂಡ ಇಲ್ಲ. ಔಷಧ ಬದಲಿಸಿ ಸಕ್ಕರೆ ಹತೋಟಿಗೆ ಬರಲು ಮೂರು ತಿಂಗಳಾಯಿತು, ಅದೂ ಹೊಸ ಊರಿನ ಚಳಿಗಾಲದಲ್ಲಿ. ನೀವು ಹೊರಡುವ ಐದಾರು ತಿಂಗಳ ಮೊದಲೇ ಶಿವಮೊಗ್ಗದ ನಿಮ್ಮ ವೈದ್ಯರ ಬಳಿ ಹೋಗಿ, ಎರಡೂ ದೇಶದಲ್ಲಿ ಸಿಗುವ ಔಷಧಕ್ಕೆ ಬದಲಿಸಲು ಆಗುತ್ತದೆಯೇ ಎಂದು ಕೇಳಿ. ಮೆಟ್ಫಾರ್ಮಿನ್, ಗ್ಲಿಮೆಪಿರೈಡ್, ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಅಟೋರ್ವಾಸ್ಟಾಟಿನ್, ಕ್ಲೊಪಿಡೊಗ್ರೆಲ್ ಎರಡೂ ಕಡೆ ಇವೆ. ಆದರೆ ವೈದ್ಯರನ್ನು ಕೇಳದೆ ನೀವಾಗಿಯೇ ಬದಲಿಸಬೇಡಿ. ನಮ್ಮ 75 ಮಿಲಿಗ್ರಾಂ ಆಸ್ಪಿರಿನ್ ಅಲ್ಲಿ 81 ಮಿಲಿಗ್ರಾಂ ಆಗಿ ಸಿಗುತ್ತದೆ. ಪ್ಯಾರಾಸಿಟಮಾಲ್ ಎಂದರೆ ಅಂಗಡಿಯವರಿಗೆ ಹೊಳೆಯದಿರಬಹುದು, ಅಸಿಟಮಿನೋಫೆನ್ ಎನ್ನಬೇಕು. ಮೂರು ತಿಂಗಳ ಮಾತ್ರೆ, ಮೂಲ ಪ್ಯಾಕೆಟ್ಟಿನಲ್ಲೇ, ಇಂಗ್ಲಿಷ್ ಚೀಟಿಯ ಜೊತೆ ತನ್ನಿ. ಆಂಜಿಯೋಗ್ರಾಮ್‌ನ ಸಿ.ಡಿ., ಸ್ಟೆಂಟಿನ ಕಾರ್ಡು, ಹಳೆಯ ಇ.ಸಿ.ಜಿ.ಯ ಪ್ರತಿ ಕೈಚೀಲದಲ್ಲೇ ಇರಲಿ, ಲಗೇಜಿನಲ್ಲಿ ಬೇಡ. ಹೊಸ ಇ.ಸಿ.ಜಿ.ಯಲ್ಲಿ ಕಾಣುವುದು ಹಳೆಯದೋ ಈಗ ಆದದ್ದೋ ಎಂದು ಅವರು ತೂಗಿ ನೋಡುವುದು ಆ ಕಾಗದದಿಂದಲೇ.

ಕಾರ್ಡ್ ಬರುವ ಮೊದಲು ಆರು ತಿಂಗಳ ಭೇಟಿಗೆ ಹೋಗುವ ಯೋಚನೆ ಇದ್ದರೆ ಇನ್ನೂ ಎಚ್ಚರ ಬೇಕು. ಹುಬ್ಬಳ್ಳಿಯ ನಮ್ಮ ಸ್ನೇಹಿತೆ ಟೆಕ್ಸಾಸಿಗೆ ಮಗನ ಬಳಿ ಹೋದಾಗ ಅಗ್ಗದ ಪ್ರವಾಸಿ ವಿಮೆ ಕೊಂಡಿದ್ದರು. ದಿನಕ್ಕೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ಮೊತ್ತ ಕೊಡುವ ವಿಮೆ ಅದು. ಮೂತ್ರಪಿಂಡದ ಹಳೆಯ ತೊಂದರೆ ಮರುಕಳಿಸಿದಾಗ ಕಂಪನಿ ಕೈ ಎತ್ತಿತು. ಮೊದಲೇ ಇದ್ದ ಕಾಯಿಲೆ ಹಠಾತ್ತಾಗಿ ಉಲ್ಬಣಿಸಿದರೆ ಕೊಡುತ್ತೇವೆ ಎಂಬ ಷರತ್ತು ಕೆಲವು ವಿಮೆಗಳಲ್ಲಿ ಇದೆ, 70 ದಾಟಿದರೆ ಆ ಮೊತ್ತ ಬಹಳ ಇಳಿಯುತ್ತದೆ. ಸಣ್ಣ ಅಕ್ಷರದ ಆ ಪುಟವನ್ನು ಮಗನಿಂದ ಓದಿಸಿಯೇ ಸಹಿ ಹಾಕಿ.

ಬೇರೆ ದೇಶಗಳಿಗೆ ಹೋದವರು ಹೇಳಿದ್ದನ್ನೂ ಸೇರಿಸುತ್ತೇನೆ, ಇತರರಿಗೆ ಉಪಯೋಗವಾಗಲಿ. ತಂದೆತಾಯಿಗೆಂದೇ ಇರುವ ಕೆನಡಾದ ಸೂಪರ್ ವೀಸಾದಲ್ಲಿ ಒಂದೊಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ವಿಮೆ ಕಡ್ಡಾಯ. ಅಲ್ಲಿ ಸಕ್ಕರೆಯ ಅಳತೆಯೇ ಬೇರೆ; ನಮ್ಮ 126 ಅಲ್ಲಿ 7. ಬಂದ ಅಂಕಿಯನ್ನು 18ರಿಂದ ಗುಣಿಸಿಕೊಳ್ಳಿ. ಆಸ್ಟ್ರೇಲಿಯಾದ ಕಾಯಂ ಪೋಷಕ ವೀಸಾಗಳಲ್ಲಿ ತುಸು ಬೇಗ ಸಿಗುವ ಬಗೆಗೆ ಒಬ್ಬರಿಗೇ 40,000 ಆಸ್ಟ್ರೇಲಿಯಾ ಡಾಲರಿಗೂ ಮಿಕ್ಕಿ ಶುಲ್ಕ, ಕಾಯುವುದಂತೂ ವರ್ಷಗಟ್ಟಲೆ. ಸಿಕ್ಕರೆ ಮಾತ್ರ ಅಲ್ಲಿನ ಸರ್ಕಾರಿ ವೈದ್ಯ ಸೇವೆ ಅಮೆರಿಕದಂತೆ ಐದು ವರ್ಷ ಕಾಯಿಸುವುದಿಲ್ಲ.

ಇಲ್ಲಿ ಮಾಡಿಟ್ಟು ಹೋಗಬೇಕಾದ ಕೆಲಸಗಳು. ಭಾರತದ ಆರೋಗ್ಯ ವಿಮೆಯ ಕಂತು ನಿಲ್ಲಿಸಬೇಡಿ. ಒಮ್ಮೆ ಬಿಟ್ಟರೆ ಈ ವಯಸ್ಸಿನಲ್ಲಿ ಹೊಸದು ಸಿಗುವುದು ಕಷ್ಟ, ಸಿಕ್ಕರೂ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ಈಗ ಮೊಬೈಲಿನಲ್ಲಿ ಮುಖ ತೋರಿಸುವ ಜೀವನ್ ಪ್ರಮಾಣ್ ಇದೆ. ಹೊರಡುವ ಮುಂಚೆ ಒಂದು ಸಲ ಮಾಡಿ ಕಲಿತುಕೊಳ್ಳಿ. ಬ್ಯಾಂಕ್ ಖಾತೆಯನ್ನು ಎನ್.ಆರ್.ಒ., ಅಂದರೆ ಅನಿವಾಸಿಗಳ ಖಾತೆ, ಮಾಡಿಸುವುದು ಬ್ಯಾಂಕಿನಲ್ಲಿದ್ದ ನಿಮಗೆ ಹೇಳಬೇಕಿಲ್ಲ. ಆದರೆ ಅಲ್ಲಿ ಹೋದ ಮೇಲೆ ಭಾರತದ ಎಲ್ಲ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಅಮೆರಿಕದ ಸರ್ಕಾರಕ್ಕೆ ಪ್ರತಿ ವರ್ಷ ತಿಳಿಸಬೇಕು. ಠೇವಣಿ ಇಟ್ಟುಕೊಂಡ ನಿವೃತ್ತರಲ್ಲಿ ಬಹಳ ಜನ ಇದರೊಳಗೆ ಬರುತ್ತಾರೆ, ದಂಡ ಭಾರಿಯಾಗಿದೆ.

ಊರಿಗೆ ಬಂದು ಹೋಗುವ ಬಗ್ಗೆಯೂ ಲೆಕ್ಕವಿಡಿ. ಆರು ತಿಂಗಳು ದಾಟಿದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆಗಳು ಏಳುತ್ತವೆ. ಒಂದು ವರ್ಷ ಮೀರುವುದಾದರೆ ಮರುಪ್ರವೇಶದ ಅನುಮತಿಯನ್ನು ಅಲ್ಲಿಂದ ಹೊರಡುವ ಮೊದಲೇ ಕೇಳಬೇಕು. ನಾವು ಚಳಿಗಾಲದಲ್ಲಿ ಎರಡು ತಿಂಗಳಷ್ಟೇ ಬರುತ್ತಿದ್ದೆವು. ಚಳಿಗಾಲ ಎಂದದ್ದು ಯಾಕೆಂದರೆ, ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕೂವರೆಗೆ ಕತ್ತಲು. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪದರ. ಕಾರು ಓಡಿಸಲು ಬಾರದವರು ಮನೆಯೊಳಗೇ. ಮೊದಲ ಚಳಿಗಾಲದಲ್ಲಿ ನಾನು ಕಿಟಕಿಯ ಬಳಿ ನಿಂತು ಅತ್ತದ್ದುಂಟು. ಆಮೇಲೆ ಊರಿನ ಗ್ರಂಥಾಲಯದ ಇಂಗ್ಲಿಷ್ ಮಾತಿನ ತರಗತಿ, ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನ, ಕನ್ನಡ ಕೂಟದ ಹಿರಿಯರು ಕೈಹಿಡಿದರು. ಮಗನ ಮನೆಯಿಂದ ಬಸ್ಸು ಅಥವಾ ನಡಿಗೆಯಲ್ಲಿ ತಲುಪಬಹುದಾದದ್ದು ಏನೇನಿದೆ ಎಂದು ಈಗಲೇ ಕೇಳಿ ತಿಳಿದುಕೊಳ್ಳಿ. ಸಾಧ್ಯವಾದರೆ ಏಪ್ರಿಲ್‌ನಲ್ಲಿ ಹೋಗಿ ಇಳಿಯಿರಿ, ಚಳಿ ಬರುವಷ್ಟರಲ್ಲಿ ನಾಲ್ಕು ಮುಖ ಪರಿಚಯವಾಗಿರುತ್ತದೆ.

ಮನೆಯನ್ನು ಬಾಡಿಗೆಗೆ ಕೊಡುವುದಾದರೆ ಒಂದು ಕೋಣೆಗೆ ಬೀಗ ಹಾಕಿ ನಿಮಗೇ ಇಟ್ಟುಕೊಳ್ಳಿ. 2021ರಲ್ಲಿ ನನಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಬೇಕಾದಾಗ ನಾನು ಮೈಸೂರಿಗೇ ಬಂದೆ, ಆ ಕೋಣೆಯಲ್ಲೇ ಎರಡೂವರೆ ತಿಂಗಳು ಇದ್ದು ನಡೆಯಲು ಕಲಿತೆ. ನಿಮ್ಮ ಯಜಮಾನರು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳಲ್ಲಿ ಕಂಪನಿಯ ಹೆಸರನ್ನು ಬಿಟ್ಟು ಒಳಗಿರುವ ಔಷಧದ ಹೆಸರನ್ನು ಬರೆದು ತಿಳಿಸಿ. ಯಾವುದು ಅಲ್ಲಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ನ್ಯೂಜೆರ್ಸಿಯ ನಮ್ಮ ಔಷಧದಂಗಡಿಯಲ್ಲಿ ಕೇಳಿ ಗುರುತು ಹಾಕಿ ಕೊಡುತ್ತೇನೆ, ನಿಮ್ಮ ವೈದ್ಯರಿಗೆ ತೋರಿಸಲು ಬೇಕಾಗುತ್ತದೆ.