ಹಿತ್ತಲಲ್ಲಿ ಹಾಕಿದ ಹೊಟ್ಟಿಗೆ ಬೂಸರು ಬಂದಿದೆ, ಏನು ಮಾಡಲಿ?

ಧಾರವಾಡ, ಸಾಧನಕೇರಿ:
ಹಿತ್ತಲಲ್ಲಿ ಬದನೆ, ಮೆಣಸಿನ ಗಿಡ, ಗುಲಾಬಿ ಇವೆ. ಬೇಸಿಗೆಯಲ್ಲಿ ತೇವ ಉಳಿಯಲಿ ಅಂತ ಬುಡಕ್ಕೆಲ್ಲ ಶೇಂಗಾ ಹೊಟ್ಟು, ಕಟ್ಟಿಗೆ ಪುಡಿ ಹರಡಿದ್ದೆ. ಜಿಟಿಜಿಟಿ ಮಳೆ ಹಿಡಿದ ಮೇಲೆ ಅದರ ತುಂಬ ಬಿಳಿ ಬೂಸರು. ಗುಲಾಬಿ ಹತ್ತಿರ ಹಳದಿ, ನೊರೆ ನೊರೆಯಾದ ಮುದ್ದೆಯೂ ಎದ್ದಿದೆ. ಎಲ್ಲ ತೆಗೆದು ಚೆಲ್ಲಬೇಕಾ? ಔಷಧ ಹೊಡೆಯಬೇಕಾ? ಮನೆಯಲ್ಲಿ ಸಣ್ಣ ಮಗು ಬೇರೆ ಇದೆ. ಅನುಭವ ಇದ್ದವರು ಹೇಳಿ.

ಧಾರವಾಡ, ಮಾಳಮಡ್ಡಿ:
ಅಕ್ಕಾ, ಚೆಲ್ಲಬೇಡಿ. ಔಷಧವೂ ಬೇಡ. ಮೊದಲು ಒಂದು ನೋಡಿ: ಆ ಬಿಳಿ ಇರುವುದು ಹೊಟ್ಟಿನ ಮೇಲಾ, ಗಿಡದ ಕಾಂಡದ ಮೇಲಾ? ಹೊಟ್ಟಿನ ಮೇಲೆ ಮಾತ್ರ ಇದ್ದರೆ ಅದು ಸತ್ತ ಕಟ್ಟಿಗೆ, ಒಣ ಎಲೆ ತಿಂದು ಬದುಕುವ ಶಿಲೀಂಧ್ರ. ಹಸಿ ಗಿಡದ ತಂಟೆಗೆ ಬರುವುದಿಲ್ಲ. ಹೊಟ್ಟು ಕೊಳೆತು ಗೊಬ್ಬರವಾಗುವುದೇ ಅದರಿಂದ. ಜುಲೈನಲ್ಲಿ ನಮ್ಮ ಊರಲ್ಲಿ ಸರಿಯಾಗಿ ಬಿಸಿಲೇ ಬೀಳಲ್ಲ, ಹೊಟ್ಟು ಒಣಗಲ್ಲ. ಅದಕ್ಕೇ ಇಷ್ಟು ಜಾಸ್ತಿ.

ಬ್ಲೀಚಿಂಗ್ ಪೌಡರ್ ಉದುರಿಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಬೇರು ಸುಡುತ್ತದೆ, ಎರೆಹುಳಕ್ಕೂ ಕೇಡು. ಬೂಸರಿನ ಬೀಜಕಣಗಳು ಗಾಳಿಯಲ್ಲೇ ಇರುತ್ತವೆ, ಹೊಟ್ಟು ಒದ್ದೆ ಇರುವವರೆಗೆ ಮತ್ತೆ ಮತ್ತೆ ಬರುತ್ತದೆ.

ಮಳೆ ಬಿಡುವು ಕೊಟ್ಟಾಗ ಹೊಟ್ಟನ್ನು ಮೇಲೆ ಕೆಳಗೆ ಮಾಡಿ, ಗಾಳಿ ಆಡಲಿ. ದಪ್ಪ 2-3 ಇಂಚು ಸಾಕು. ಕಟ್ಟಿಗೆ ಪುಡಿ ಒತ್ತಿಕೊಂಡು ಕೂರುತ್ತದೆ, ಅದಾದರೆ ಒಂದು ಇಂಚು ಇರಲಿ. ಉಳಿದದ್ದು ತಿಪ್ಪೆಗೆ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಖಾಲಿ ಬಿಡಿ. ಕಟ್ಟಿಗೆ ಪುಡಿ ಮಣ್ಣಿಗೆ ಮಾತ್ರ ಕಲಸಬೇಡಿ. ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ, ಗಿಡ ಹಳದಿಗೆ ತಿರುಗುತ್ತದೆ.

ಹುಬ್ಬಳ್ಳಿ, ವಿದ್ಯಾನಗರ:
ಆ ಹಳದಿ ಮುದ್ದೆ ಸ್ಲೈಮ್ ಮೋಲ್ಡ್, ಅಂದರೆ ಒದ್ದೆ ಜಾಗದಲ್ಲಿ ಬೆಳೆಯುವ ಲೋಳೆಯಂಥ ಜೀವಿ. ಗಿಡಕ್ಕೆ ಏನೂ ಮಾಡಲ್ಲ. ಆದರೆ ಒಣಗಿದರೆ ಕಂದು ಪುಡಿಯಾಗಿ ಹಾರುತ್ತದೆ. ನನ್ನ ಮಗನಿಗೆ ಉಬ್ಬಸ ಇದೆ, ಹಾಗಾಗಿ ಹಸಿ ಇದ್ದಾಗಲೇ ಸಲಿಕೆಯಿಂದ ಎತ್ತಿ ಬಿಡುತ್ತೇನೆ. ನೀವು ಹೊಟ್ಟು ಕೆದಕುವಾಗಲೂ ಅದು ಒಣಗಿದ್ದರೆ ಸ್ವಲ್ಪ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅಣಬೆ ಎದ್ದರೆ ಕಂಡ ಕೂಡಲೇ ಕಿತ್ತುಹಾಕಿ, ಮಕ್ಕಳು ಬಾಯಿಗೆ ಹಾಕಿಕೊಂಡುಬಿಡುತ್ತಾರೆ.

ಗದಗ:
ನಮ್ಮಲ್ಲಿ ತೊಂದರೆ ಇದರ ಉಲ್ಟಾ. ಮಳೆ ಕಡಿಮೆ. ಬೂಸರು ಹೊಟ್ಟಿನೊಳಗೆ ಹೆಣೆದುಕೊಂಡು ಒಣಗಿದರೆ ಗಟ್ಟಿ ಪದರ ಕಟ್ಟುತ್ತದೆ, ಹಾಕಿದ ನೀರು ಕೆಳಗೆ ಇಳಿಯದೆ ಪಕ್ಕಕ್ಕೆ ಹರಿದು ಹೋಗುತ್ತದೆ. ಬೆರಳು ಹಾಕಿ ಕೆಳಗಿನ ಮಣ್ಣು ಮುಟ್ಟಿ ನೋಡಿ. ಒಣಗಿದ್ದರೆ ಪದರ ಒಡೆಯಿರಿ.

ಹಾವೇರಿ:
ಕಾಂಡದ ಮೇಲೆ ಬಿಳಿ ಎಳೆ ಇದ್ದರೆ ಮಾತ್ರ ಸುಮ್ನೆ ಬಿಡಬೇಡ್ರಿ ಅಕ್ಕಾರ. ಅದು ಬುಡ ಕೊಳೆ ರೋಗ, ಸ್ಕ್ಲೆರೋಷಿಯಂ ಶಿಲೀಂಧ್ರದಿಂದ ಬರುವುದು. ಶೇಂಗಾ, ಮೆಣಸು, ಬದನೆ, ಟೊಮ್ಯಾಟೊ ಎಲ್ಲಕ್ಕೂ ತಗಲುತ್ತದೆ. ರೋಗ ಬಿದ್ದ ಹೊಲದ ಶೇಂಗಾ ಹೊಟ್ಟಿನ ಜತೆಗೂ ಬರಬಹುದು. ಬುಡದಲ್ಲಿ ಸಾಸಿವೆ ಕಾಳಿನಂಥ ಉಂಡೆಗಳು ಕಾಣುತ್ತವೆ, ಮೊದಲು ಬಿಳಿ, ಆಮೇಲೆ ಕಂದು. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಇನ್ನೊಂದು ಮಾತು, ಬೂಸರು ಹಿಡಿದ ಶೇಂಗಾ ಹೊಟ್ಟನ್ನು ದನಕ್ಕೆ ಹಾಕಲೇಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು.

ಧಾರವಾಡ, ಸಾಧನಕೇರಿ:
ಈಗಷ್ಟೇ ನೋಡಿ ಬಂದೆ. ಬದನೆ, ಗುಲಾಬಿ ಕಾಂಡ ಚೆನ್ನಾಗಿವೆ. ಮೂಲೆಯ ಒಂದು ಮೆಣಸಿನ ಗಿಡ ಬಾಡಿದೆ, ಬುಡದಲ್ಲಿ ನೀವು ಹೇಳಿದ ಕಂದು ಕಾಳು ಇವೆ. ಏನು ಮಾಡಲಿ ಅಣ್ಣಾರ?

ಹಾವೇರಿ:
ಆ ಗಿಡವನ್ನು ಬೇರಿನ ಸುತ್ತಲಿನ ಮಣ್ಣು, ಹೊಟ್ಟು ಸಮೇತ ಅಗೆದು ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಡಿ. ತಿಪ್ಪೆಗೆ ಬೇಡ. ಸಲಿಕೆ ತೊಳೆದಿಡಿ. ಉಳಿದ ಮೆಣಸಿನ ಗಿಡಗಳ ಬುಡದಿಂದ ಹೊಟ್ಟು ಸರಿಸಿ, ಟ್ರೈಕೋಡರ್ಮಾವನ್ನು (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕಿ. ನಿಮ್ಮ ಊರಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆಯಲ್ವಾ, ಅಲ್ಲಿ ವಿಚಾರಿಸಿ. ಟ್ರೈಕೋಡರ್ಮಾ ಜತೆ ಶಿಲೀಂಧ್ರನಾಶಕ ಹೊಡೆದರೆ ಅದೂ ಸಾಯಬಹುದು, ಅದಕ್ಕೆ ಎರಡನ್ನೂ ಒಟ್ಟಿಗೆ ಬಳಸಬೇಡಿ. ಆ ಮೂಲೆಗೆ ಸದ್ಯ ಮೆಣಸು, ಟೊಮ್ಯಾಟೊ ಹಚ್ಚಬೇಡಿ. ಗೋವಿನಜೋಳ ಹಾಕಿ.