9 ವರ್ಷದ ಲ್ಯಾಬ್ರಡಾರ್ ಮುಂಗಾಲು ಕುಂಟುತ್ತಿದೆ, ಮೂಳೆ ಕ್ಯಾನ್ಸರ್ ಇರಬಹುದಾ?

ರೇಷ್ಮೆಮನೆ_ಶಿಡ್ಲಘಟ್ಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ಹತ್ತಿರದ ಹಳ್ಳಿ. ನಾಯಿ ಹೆಸರು ಚಾಕಿ, ಗಂಡು ಲ್ಯಾಬ್ರಡಾರ್, 9 ವರ್ಷ ತುಂಬಿದೆ, ತೂಕ 36 ಕೆಜಿ. ಜಾಸ್ತಿನೇ, ಗೊತ್ತು. ನಮ್ಮತ್ತೆ ತಟ್ಟೆಯಿಂದ ಅವನಿಗೆ ಮುದ್ದೆ ಹೋಗೋದನ್ನ ತಡೆಯೋಕೆ ಈ ಮನೆಯಲ್ಲಿ ಯಾರಿಗೂ ಆಗಿಲ್ಲ.

ಸಂಕ್ರಾಂತಿ ಕಳೆದಮೇಲೆ ಎಡಗಡೆ ಮುಂಗಾಲು ಕುಂಟೋಕೆ ಶುರು ಮಾಡಿದ. ಬೆಳಿಗ್ಗೆ ಎದ್ದಾಗ ಜಾಸ್ತಿ. ತೋಟದ ಕಡೆ ಹೋಗಿ ಬಂದರೆ ಸ್ವಲ್ಪ ಸಡಿಲ ಆಗುತ್ತದೆ, ಸಂಜೆ ಮಲಗಿ ಎದ್ದರೆ ಮತ್ತೆ ಅದೇ ಕಥೆ. ಪಾದದಲ್ಲಿ ಮುಳ್ಳು ಹುಡುಕಿದೆ, ಏನೂ ಸಿಗಲಿಲ್ಲ. ಊರಿಗೆ ಹಸು ನೋಡೋಕೆ ಬರುವ ಒಬ್ಬರು ಒಂದು ಇಂಜೆಕ್ಷನ್ ಹಾಕಿದರು, ಆಮೇಲೆ ಸ್ವಲ್ಪ ದಿನ ಚೆನ್ನಾಗಿದ್ದ, ಈಗ ಮತ್ತೆ ಕುಂಟು. ಯಾವ ಔಷಧಿ ಅಂತ ಕೇಳಿದರೆ "ನೋವಿಂದು ಕಣಮ್ಮ" ಅಂದರು, ಅಷ್ಟೇ.

ರಾತ್ರಿ ನಿದ್ದೆ ಬರದೆ ಫೋನಿನಲ್ಲಿ ಹುಡುಕುತ್ತಾ ಕೂತೆ. ದೊಡ್ಡ ತಳಿ, ವಯಸ್ಸಾಗಿದೆ, ಕುಂಟುತ್ತಿದೆ ಅಂತ ಹಾಕಿದರೆ ಸಾಕು, ಎಲ್ಲಿ ನೋಡಿದರೂ ಮೂಳೆ ಕ್ಯಾನ್ಸರ್, ಕಾಲು ತೆಗೆಯಬೇಕು, ಇಷ್ಟೇ ತಿಂಗಳು ಬದುಕುತ್ತೆ ಅಂತಲೇ ಬರುತ್ತಿದೆ. ಕುಂಟೋದು ನೋಡಿ ಕ್ಯಾನ್ಸರ್ ಹೌದೋ ಅಲ್ವೋ ಹೇಳೋಕೆ ಆಗುತ್ತಾ? ನೇರವಾಗಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೇ ಕರೆದುಕೊಂಡು ಹೋಗಲಾ, ಇಲ್ಲೇ ಚಿಕ್ಕಬಳ್ಳಾಪುರದಲ್ಲಿ ತೋರಿಸಿದರೆ ಸಾಕಾ? ನಮ್ಮ ಮಾವ ಆಂಧ್ರದ ಪುತ್ತೂರಿಗೆ ಹೋಗಿ ಮೂಳೆ ಕಟ್ಟು ಹಾಕಿಸಿಕೊಂಡು ಬರೋಣ ಅಂತ ಗಾಡಿಯವನಿಗೂ ಹೇಳಿಬಿಟ್ಟಿದ್ದಾರೆ. ಯಾರಾದರೂ ಬೇಗ ಹೇಳಿ.

ಚಿಂತಾಮಣಿ_ಹುಡುಗ:

ಅಕ್ಕಾ, ಮೊದಲು ಫೋನ್ ಆಚೆ ಇಡಿ. ಅದರಲ್ಲಿ ಹುಡುಕಿದರೆ ನೆಗಡಿಗೂ ಕ್ಯಾನ್ಸರ್ ಅಂತಲೇ ಬರೋದು.

ಪಾದ ಇನ್ನೊಂದು ಸಲ ನೋಡಿ, ಹಗಲು ಬೆಳಕಲ್ಲಿ, ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಬೆರಳು ಬೆರಳಿನ ಸಂದಿ ಬಿಡಿಸಿ. ಒಳಗಡೆ ಮೇಲೆ ಒಂದು ಉಗುರು ಇರುತ್ತಲ್ಲ, ನೆಲಕ್ಕೆ ತಾಗದೇ ಇರೋದು, ಅದು ಬೆಳೆದು ಸುತ್ತಿಕೊಂಡು ಚರ್ಮದೊಳಗೇ ಚುಚ್ಚಿಕೊಂಡಿರುತ್ತೆ. ರೇಷ್ಮೆ ಮನೆ ಅಂದಮೇಲೆ ಇನ್ನೆರಡು ವಿಷಯ. ಕಡ್ಡಿ ಕಟಾವು ಮಾಡಿದ ಮೇಲೆ ಹಿಪ್ಪುನೇರಳೆ ಕೂಳೆ ಈಟಿ ಥರ ನಿಂತಿರುತ್ತೆ, ಮೇಲೆ ಗಾಯ ಮುಚ್ಚಿಕೊಂಡರೂ ಒಳಗೆ ಚೂರು ಉಳಿದಿರಬಹುದು. ಇನ್ನು ಹುಳು ಮನೆ ತೊಳೆದು ಬ್ಲೀಚಿಂಗ್ ಪೌಡರ್, ಸುಣ್ಣ ಹಾಕ್ತೀರಲ್ಲ, ಅದರ ಮೇಲೆ ಓಡಾಡಿದರೆ ಪಾದದ ಮೆತ್ತೆ ಸುಟ್ಟಂತಾಗುತ್ತೆ.

ಮೈಮೇಲೆ ಉಣ್ಣೆ ಹುಳ ಇದ್ಯಾ? ಉಣ್ಣೆ ಜ್ವರ ಬಂದರೂ ಕೀಲು ನೋವಿಗೆ ಕುಂಟುತ್ತೆ. ನಮ್ಮ ನಾಟಿ ನಾಯಿ ಒಂದು ದಿನ ಮುಂದಿನ ಕಾಲು, ಮೂರು ದಿನ ಬಿಟ್ಟು ಹಿಂದಿನ ಕಾಲು ಕುಂಟುತ್ತಿತ್ತು, ನಾಟಕ ಆಡ್ತಾನೆ ಅಂತ ಮನೆಯವರೆಲ್ಲ ನಗುತ್ತಿದ್ದರು. ರಕ್ತ ಪರೀಕ್ಷೆ ಮಾಡಿಸಿದರೆ ಎರ್ಲಿಕಿಯಾ ಇತ್ತು, ಉಣ್ಣೆಯಿಂದ ಬರೋ ಸೋಂಕು ಅದು. ಡಾಕ್ಟರು ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು, 28 ದಿನ ತಪ್ಪಿಸಬಾರದು ಅಂದರು. ಈಗ ಆರಾಮಾಗಿದ್ದಾನೆ.

ಕಲ್ಪತರು_ಪಶುವೈದ್ಯ:

ತುಮಕೂರು ಕಡೆ ಪಶುವೈದ್ಯ ನಾನು. ನಾಯಿ ನೋಡದೆ ರೋಗದ ಹೆಸರು ಹೇಳಲ್ಲ. ಆದರೆ ಎಕ್ಸ್‌ರೇಗೆ ಹೋಗೋ ಮೊದಲು ಮನೆಯಲ್ಲಿ ಏನು ನೋಡಬೇಕು ಅಂತ ಹೇಳಬಹುದು.

ಭಯದ ವಿಷಯ ಮೊದಲೇ ಮುಗಿಸೋಣ. ನಾಯಿಯ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 85ರಷ್ಟು ಆಸ್ಟಿಯೋಸಾರ್ಕೋಮಾ ಅನ್ನೋ ಒಂದೇ ಬಗೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ರಾಟ್‌ವೀಲರ್, ಡಾಬರ್‌ಮನ್, ಜರ್ಮನ್ ಶೆಫರ್ಡ್, ಇಂಥ ಎತ್ತರದ, ಭಾರದ ನಾಯಿಗಳಲ್ಲಿ ಜಾಸ್ತಿ. ಸಾಮಾನ್ಯವಾಗಿ 7ರಿಂದ 10 ವರ್ಷದ ಒಳಗೆ ಬರುತ್ತದೆ, ಕೆಲವು ಸಲ ಎರಡು ವರ್ಷ ತುಂಬದ ನಾಯಿಗೂ ಬಂದುಬಿಡುತ್ತದೆ. ಹದಿನೈದು ಕೆಜಿ ಒಳಗಿನ ನಾಯಿಗಳಲ್ಲಿ ಅಪರೂಪ. ಲ್ಯಾಬ್‌ಗೆ ಬರುವುದೇ ಇಲ್ಲ ಅಂತಲ್ಲ. ಆದರೆ 9 ವರ್ಷದ, ಮೈ ತುಂಬಿಕೊಂಡಿರುವ ಲ್ಯಾಬ್ ಬೆಳಿಗ್ಗೆ ಕುಂಟುತ್ತೆ, ನಡೆದರೆ ಸಡಿಲ ಆಗುತ್ತೆ ಅಂದರೆ ನನ್ನ ತಲೆಗೆ ಮೊದಲು ಬರೋದು ಮೊಣಕೈ ಕೀಲಿನ ಸವೆತ. ನಾಯಿ ತನ್ನ ತೂಕದ ಅರ್ಧಕ್ಕಿಂತ ಜಾಸ್ತಿ ಮುಂಗಾಲ ಮೇಲೇ ಹೊರುತ್ತದೆ, ಹಾಗಾಗಿ ತೂಕ ಏರಿದರೆ ಮೊದಲು ಪೆಟ್ಟು ಬೀಳೋದು ಅಲ್ಲಿಗೇ.

ಈಗ ನೀವು ನೋಡಬೇಕಾದ್ದು. ಅಂಗಳದಲ್ಲಿ ಯಾರಾದರೂ ಹಗ್ಗ ಸಡಿಲವಾಗಿ ಹಿಡಿದು ಚಾಕಿಯನ್ನು ನಿಮ್ಮ ಎದುರಿಗೆ ನಡೆಸಿಕೊಂಡು ಬರಲಿ. ಮುಂಗಾಲು ನೋವಿದ್ದರೆ ಆ ಕಾಲು ನೆಲಕ್ಕೆ ಇಟ್ಟಾಗ ತಲೆ ಮೇಲಕ್ಕೆ ಎತ್ತುತ್ತಾನೆ, ಒಳ್ಳೆ ಕಾಲು ಇಟ್ಟಾಗ ತಲೆ ಕೆಳಗೆ ಬರುತ್ತದೆ. ಯಾವ ಕಾಲು ಅನ್ನೋದೇ ಎಷ್ಟೋ ಜನ ತಪ್ಪಾಗಿ ಹೇಳುತ್ತಾರೆ, ಅದಕ್ಕೆ ಇದನ್ನು ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಗೆ ಬಂದ ನಾಯಿ ಗಾಬರಿಗೆ ಕುಂಟೋದನ್ನೇ ಬಿಟ್ಟುಬಿಡುತ್ತದೆ.

ಆಮೇಲೆ ನಿಲ್ಲಿಸಿಕೊಂಡು ಎರಡೂ ಮುಂಗಾಲನ್ನು ಒಟ್ಟಿಗೆ ಮುಟ್ಟುತ್ತಾ ಮೇಲಿಂದ ಕೆಳಗೆ ಬನ್ನಿ. ಈ ಕ್ಯಾನ್ಸರ್‌ಗೆ ಇಷ್ಟದ ಜಾಗಗಳಿವೆ. ಮುಂಗಾಲಲ್ಲಿ ಮಣಿಕಟ್ಟಿನ ಸ್ವಲ್ಪ ಮೇಲೆ ಮತ್ತು ಭುಜದ ಹತ್ತಿರ. ಹಿಂಗಾಲಲ್ಲಿ ಮಂಡಿಯ ಆಸುಪಾಸು ಜಾಸ್ತಿ. ಮೊಣಕೈ ಹತ್ತಿರ ಕಡಿಮೆ. ಒಂದು ಕಾಲಿನ ಮಣಿಕಟ್ಟಿನ ಮೇಲೆ ಮಾತ್ರ ಗಟ್ಟಿ ಊತ ಇದ್ದು, ಮುಟ್ಟಿದರೆ ಕಾಲು ಎಳೆದುಕೊಂಡರೆ ಕಾಯಬೇಡಿ. ಅಮುಕಿ ನೋಡಬೇಡಿ, ಸುಮ್ನೆ ಅಂಗೈ ಆಡಿಸಿದರೆ ಸಾಕು. ಊತ ಇಲ್ಲ ಅಂದಮಾತ್ರಕ್ಕೆ ಗೆದ್ದೆವು ಅಂತಲೂ ಅಲ್ಲ. ಭುಜದ ಹತ್ತಿರ ಮಾಂಸದ ಕೆಳಗೆ ಗಡ್ಡೆ ಇದ್ದರೆ ಕೈಗೆ ಗೊತ್ತಾಗಲ್ಲ.

ಇಂಜೆಕ್ಷನ್ ಹಾಕಿದಾಗ ಸರಿಯಾದ, ಹಾಗಾದರೆ ಕ್ಯಾನ್ಸರ್ ಅಲ್ಲ ಅಂತ ಲೆಕ್ಕ ಹಾಕಬೇಡಿ. ಶುರುವಿನಲ್ಲಿ ಕ್ಯಾನ್ಸರ್ ನೋವೂ ನೋವಿನ ಔಷಧಿಗೆ ತಗ್ಗುತ್ತದೆ. ಏನು ಹಾಕಿದರು ಅಂತ ದಯವಿಟ್ಟು ಬರೆಸಿಕೊಳ್ಳಿ. ಸ್ಟಿರಾಯ್ಡ್ ಆಗಿದ್ದರೆ ಅದರ ಹಿಂದೆಯೇ ಮೆಲಾಕ್ಸಿಕ್ಯಾಮ್ ಥರದ ನೋವಿನ ಮಾತ್ರೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಆಗಿದ್ದರೆ ಇನ್ನೂ ಬೇಜಾರು. ಅದನ್ನು ಪ್ರಾಣಿಗಳಿಗೆ ಬಳಸಬಾರದು ಅಂತ ಸರ್ಕಾರ 2006ರಲ್ಲೇ ನಿಲ್ಲಿಸಿದೆ. ಅದು ಆ ಔಷಧಿ ಹಾಕಿದ ದನದ ಹೆಣ ತಿಂದು ರಣಹದ್ದುಗಳು ಸಾಯುತ್ತವೆ ಅಂತ, ನಿಜ, ಆದರೆ ನಾಯಿಯ ಹೊಟ್ಟೆಗೂ ಕಿಡ್ನಿಗೂ ಅದು ಒಳ್ಳೆಯದಲ್ಲ. ಮನೆಯಲ್ಲಿರುವ ಬ್ರೂಫೆನ್, ಡೋಲೋ ಕೊಡೋಕೆ ಹೋಗಬೇಡಿ.

ಪುತ್ತೂರು ಕಟ್ಟಿನ ಬಗ್ಗೆ ನನಗೆ ಜಗಳ ಇಲ್ಲ. ನಿಮ್ಮ ಕಡೆಯವರು ಮೂಳೆ ಮುರಿದರೆ ಅಲ್ಲಿಗೆ ಹೋಗೋದು ತಲೆಮಾರುಗಳಿಂದ ಇದೆ. ಆದರೆ ಚಾಕಿಯ ಮೂಳೆ ಮುರಿದಿದೆ ಅಂತ ಹೇಳಿದವರು ಯಾರು? ಅಕಸ್ಮಾತ್ ಒಳಗೆ ಗಡ್ಡೆ ಇದ್ದರೆ ಆ ಜಾಗದ ಮೂಳೆ ಗೆದ್ದಲು ತಿಂದ ತೊಲೆ ಇದ್ದಂತೆ, ನೀವಿ ಎಳೆದರೆ ಅಲ್ಲೇ ಮುರಿಯುತ್ತದೆ. ಎಕ್ಸ್‌ರೇ ಆಗುವವರೆಗೆ ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ ಅಂತ ಮಾವನವರಿಗೆ ಹೇಳಿ.

ಹೆಬ್ಬಾಳಕ್ಕೆ ಈಗಲೇ ಓಡಬೇಕಾಗಿಲ್ಲ. ಎಕ್ಸ್‌ರೇ ಎಲ್ಲಿ ಸಿಗುತ್ತೋ ಅಲ್ಲಿ ಮೊದಲು ತೆಗೆಸಿ, ಚಿಕ್ಕಬಳ್ಳಾಪುರದಲ್ಲಿ ಆದರೆ ಅಲ್ಲೇ. ಒಂದು ಫಿಲ್ಮ್ ಸಾಲದು. ಎದುರಿನಿಂದ ಒಂದು, ಪಕ್ಕದಿಂದ ಒಂದು ಬೇಕು, ಮತ್ತೆ ಭುಜದಿಂದ ಮಣಿಕಟ್ಟಿನವರೆಗೆ ಪೂರ್ತಿ ಬರಬೇಕು. ಅಲ್ಲಾಡದೆ ಮಲಗಲಿ ಅಂತ ಮತ್ತಿನ ಇಂಜೆಕ್ಷನ್ ಕೊಡಬಹುದು, ಹಾಗಾಗಿ ಬೆಳಿಗ್ಗೆ ತಿಂಡಿ ಹಾಕಬೇಕೋ ಬೇಡವೋ ಅಂತ ಮುಂಚೆನೇ ಫೋನ್ ಮಾಡಿ ಕೇಳಿ. ಕೀಲು ಸವೆದಿದ್ದರೆ ಬದಲಾವಣೆ ಕೀಲಿನಲ್ಲೇ ಕಾಣುತ್ತದೆ. ಆಸ್ಟಿಯೋಸಾರ್ಕೋಮಾ ಸಾಮಾನ್ಯವಾಗಿ ಕೀಲು ದಾಟಲ್ಲ. ಕೀಲಿನ ಪಕ್ಕದ ಮೂಳೆ ಒಂದು ಕಡೆ ಕರಗಿದಂತೆ, ಇನ್ನೊಂದು ಕಡೆ ಹೊರಕ್ಕೆ ಚಿಗುರಿದಂತೆ ಕಾಣುತ್ತದೆ. ಅನುಮಾನ ಬಂದರೆ ಎದೆಯ ಎಕ್ಸ್‌ರೇ, ಸೂಜಿ ಹಾಕಿ ಜೀವಕೋಶ ತೆಗೆದು ನೋಡುವುದು, ಇವೆಲ್ಲ ಆಮೇಲೆ. ಹೆಬ್ಬಾಳದ ಪಶುವೈದ್ಯ ಕಾಲೇಜು ಬೇಕಾಗೋದು ಆ ಹಂತದಲ್ಲಿ.

ಬಂಗಾರಪೇಟೆ_ರಾಟಿ:

ಡಾಕ್ಟರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಯಾಕಂದ್ರೆ ನಮ್ಮ ಮನೆಯಲ್ಲಿ ಅದೇ ಆಗಿತ್ತು. ರಾಟ್‌ವೀಲರ್, 8 ವರ್ಷ, ಬಲಗಡೆ ಹಿಂಗಾಲು, ಮಂಡಿಯ ಮೇಲೆ. ನಮ್ಮದು ಬೆಳಿಗ್ಗೆ ಜಾಸ್ತಿ ಸಂಜೆ ಕಮ್ಮಿ ಅಂತ ಇರಲಿಲ್ಲ. ವಾರದಿಂದ ವಾರಕ್ಕೆ ಏರುತ್ತಲೇ ಹೋಯಿತು, ರಾತ್ರಿ ಮಲಗಿದಲ್ಲೇ ನರಳುತ್ತಿತ್ತು. ತೊಡೆ ಮಾಂಸ ಕರಗಿ ಎರಡು ಕಾಲಿಗೂ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು.

ಎದೆಯ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಆದರೂ ಬೆಂಗಳೂರಿನ ಡಾಕ್ಟರು ಮುಚ್ಚಿಡದೆ ಹೇಳಿದರು, ಹತ್ತರಲ್ಲಿ ಒಂಬತ್ತು ನಾಯಿಗಳಲ್ಲಿ ಗೊತ್ತಾಗೋ ಹೊತ್ತಿಗೇ ಕಣ್ಣಿಗೆ ಕಾಣದಷ್ಟು ಹರಡಿರುತ್ತೆ ಅಂತ. ಕಾಲು ತೆಗೆದು ಸುಮ್ಮನಾದರೆ ಹೆಚ್ಚು ಕಮ್ಮಿ ನಾಲ್ಕೈದು ತಿಂಗಳು, ಜೊತೆಗೆ ಕೀಮೋ ಕೊಟ್ಟರೆ ಹತ್ತು ಹನ್ನೆರಡು ತಿಂಗಳು, ಐದರಲ್ಲಿ ಒಂದು ನಾಯಿ ಎರಡು ವರ್ಷವೂ ದಾಟುತ್ತೆ. ಕಾಲು ತೆಗೆಯೋದು ಆಯಸ್ಸಿಗಿಂತ ಜಾಸ್ತಿ ನೋವಿಗೆ. ಆ ನೋವು ಮಾತ್ರೆಗೆ ಜಾಸ್ತಿ ದಿನ ಬಗ್ಗಲ್ಲ.

ನಾವು ಎರಡೂ ಮಾಡಿಸಿದೆವು. ಕೀಮೋಗೆ ಕಾರ್ಬೋಪ್ಲಾಟಿನ್ ಅನ್ನೋ ಔಷಧಿಯ ಡ್ರಿಪ್, ಮೂರು ವಾರಕ್ಕೊಮ್ಮೆ. ಅದು ಹಾಕಿದ ಮೇಲೆ ಸ್ವಲ್ಪ ದಿನ ಮೂತ್ರ ಬಳಿಯುವಾಗ ಕೈಗವಸು ಹಾಕಿಕೊಳ್ಳಿ ಅಂದಿದ್ದರು, ಮನೆಯಲ್ಲಿ ಮಗು ಇದ್ದದ್ದರಿಂದ ಅವಳನ್ನು ಅಜ್ಜಿ ಮನೆಗೆ ಕಳಿಸಿದ್ದೆವು. ಕಾಲು ತೆಗೆದಮೇಲೆ ಶುರುವಿನಲ್ಲಿ ಮೂತ್ರ ಮಾಡೋಕೆ ನಿಂತರೆ ವಾಲಿ ಬೀಳುತ್ತಿದ್ದ, ಹಳೇ ಟವೆಲ್ ಹೊಟ್ಟೆ ಕೆಳಗೆ ಹಾಕಿ ಎತ್ತಿ ಹಿಡಿಯುತ್ತಿದ್ದೆವು. ಟವೆಲ್ ಬೇಡ ಅಂತ ಅವನೇ ತಳ್ಳಿಕೊಂಡು ಹೋದ. ಬೀದಿಯಲ್ಲಿ ಜನ "ಪಾಪ, ಯಾಕೆ ಹಿಂಗೆ ಮಾಡಿಸಿದ್ರಿ" ಅಂತ ನನ್ನನ್ನು ಬೈಯೋರು. ಅವನು ಮಾತ್ರ ಮೂರು ಕಾಲಲ್ಲಿ ಅವರ ಮನೆ ಕೋಳಿ ಅಟ್ಟಿಸಿಕೊಂಡು ಹೋಗುತ್ತಿದ್ದ. ಒಂದು ವರ್ಷದ ಹತ್ತಿರ ಇದ್ದ, ಆಮೇಲೆ ಶ್ವಾಸಕೋಶಕ್ಕೆ ಬಂತು.

ಖರ್ಚು ತುಂಬಾನೇ ಆಗುತ್ತೆ, ಸುಳ್ಳು ಹೇಳಲ್ಲ. ಎಲ್ಲರೂ ಮಾಡಿಸಲೇಬೇಕು ಅಂತ ನಾನು ಹೇಳಲ್ಲ. ಆದರೆ ಅಮ್ಮಾ, ನಿಮ್ಮ ನಾಯಿ ನಡೆದರೆ ಸಡಿಲ ಆಗುತ್ತೆ ಅಂತೀರಲ್ಲ, ನಮ್ಮದು ನಡೆದಷ್ಟೂ ಜಾಸ್ತಿ ಆಗುತ್ತಿತ್ತು.

ಕಲ್ಪತರು_ಪಶುವೈದ್ಯ:

ಬಂಗಾರಪೇಟೆಯವರೇ, ಲೆಕ್ಕ ಸರಿಯಾಗಿಯೇ ಹೇಳಿದ್ದೀರಿ. ಒಂದು ಮಾತು ಮಾತ್ರ. ನಡೆದರೆ ಸಡಿಲ ಆಗೋದು ಕೀಲು ಸವೆತದ ಕಡೆ ಕೈ ತೋರಿಸುತ್ತೆ ಅಷ್ಟೇ, ಎಕ್ಸ್‌ರೇ ಬಿಡೋಕೆ ಅದು ನೆಪ ಆಗಬಾರದು. ಹಾಗೇ ಮೂರು ಕಾಲಿನ ಬದುಕು ಎಲ್ಲಾ ನಾಯಿಗೂ ಆಗಿಬರಲ್ಲ. ಉಳಿದ ಕೀಲುಗಳೂ ಸವೆದಿದ್ದರೆ, ತೂಕ ತುಂಬಾ ಇದ್ದರೆ ಯೋಚನೆ ಮಾಡಬೇಕು.

ರೇಷ್ಮೆಮನೆ_ಶಿಡ್ಲಘಟ್ಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವನಿಗೆ ಗೆದ್ದಲು ತೊಲೆ ಮಾತು ಓದಿ ಹೇಳಿದೆ, ಗಾಡಿಯವನಿಗೆ ಅವರೇ ಫೋನ್ ಮಾಡಿ ಬೇಡ ಅಂದರು. ಅದೇ ಗಾಡಿಯಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದೆವು.

ಎಕ್ಸ್‌ರೇ ಎರಡು ಕಡೆಯಿಂದ ತೆಗೆದರು. ಮಣಿಕಟ್ಟಿನ ಹತ್ತಿರ ಏನೂ ಇಲ್ಲ, ಭುಜ ಬರಬೇಕು ಅಂತ ನಾನೇ ಕೇಳಿ ಇನ್ನೊಂದು ತೆಗೆಸಿದೆ, ಅಲ್ಲೂ ಮೂಳೆ ಸರಿಯಾಗಿದೆ ಅಂದರು. ಮೊಣಕೈಯಲ್ಲಿ ಕೀಲಿನ ಅಂಚಿನಲ್ಲಿ ಸಣ್ಣ ಸಣ್ಣ ಮೂಳೆ ಬೆಳೆದಿದೆ, ಬಲಗಡೆಯೂ ಸ್ವಲ್ಪ ಇದೆ. ಡಾಕ್ಟರು ಪೆನ್ನಿನ ತುದಿಯಲ್ಲಿ ತೋರಿಸಿದರು, ಹುಣಸೆ ಬೀಜದಷ್ಟು ಬಿಳಿ ಕಂಡಿತು. ಸಂಧಿವಾತ ಅಂದರು. ಇಂಜೆಕ್ಷನ್ ಹಾಕಿದವರ ಹತ್ತಿರ ಹೆಸರು ಬರೆಸಿಕೊಂಡು ಹೋಗಿದ್ದೆ, ಸ್ಟಿರಾಯ್ಡ್ ಅಂತೆ. ಅದು ಹಾಕಿ ಎಷ್ಟು ದಿನ ಆಯಿತು ಅಂತ ಕೇಳಿ, ಕಿಡ್ನಿ ಲಿವರ್‌ಗೆ ರಕ್ತ ತೆಗೆದುಕೊಂಡು, ಆಮೇಲೆ ಮೆಲಾಕ್ಸಿಕ್ಯಾಮ್ ಶುರು ಮಾಡಿದ್ದಾರೆ. ತೂಕ ಇಳಿಸಲೇಬೇಕಂತೆ. ಒಂದೂವರೆ ತಿಂಗಳಲ್ಲಿ ಕುಂಟು ಕಡಿಮೆ ಆಗದಿದ್ದರೆ ಮತ್ತೆ ಎಕ್ಸ್‌ರೇ.

ಹಾಲ್‌ಗೆ ಗ್ರಾನೈಟ್ ಹಾಕಿಸಿದ್ದೀವಿ, ಏಳುವಾಗ ಕಾಲು ಜಾರುತ್ತೆ. ಅದಕ್ಕೇನು ಮಾಡಲಿ?

ಕಲ್ಪತರು_ಪಶುವೈದ್ಯ:

ಒಳ್ಳೆ ಸುದ್ದಿ. ಅವನು ಓಡಾಡುವ ದಾರಿಗೆ ರಬ್ಬರ್ ಮ್ಯಾಟ್ ಹಾಸಿ, ಹಸು ಕೊಟ್ಟಿಗೆಗೆ ಹಾಕುವುದೇ ಆದೀತು. ಪಾದದ ಸಂದಿಯ ಕೂದಲು ಕತ್ತರಿಸಿ, ಹಿಡಿತ ಸಿಗುತ್ತದೆ. ನಡಿಗೆ ಬಿಡಿಸಬೇಡಿ, ಒಂದೇ ಸಲ ದೂರ ಹೋಗೋದರ ಬದಲು ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ. ಮಾತ್ರೆ ಊಟದ ಜೊತೆಗೇ ಕೊಡಿ. ವಾಂತಿ ಆದರೆ, ಊಟ ಬಿಟ್ಟರೆ, ಮಲ ಕಪ್ಪಗೆ ಬಂದರೆ ಮಾತ್ರೆ ನಿಲ್ಲಿಸಿ ಅವರಿಗೆ ಫೋನ್ ಮಾಡಿ.

ಮಾಲೂರು_ಡಾಬಿ:

ಮಧ್ಯ ಬಂದಿದ್ದಕ್ಕೆ ಕ್ಷಮಿಸಿ. ಇದನ್ನೆಲ್ಲ ಓದಿ ಈಗ ನಮ್ಮ ನಾಯಿ ಕಾಲು ಮುಟ್ಟಿ ನೋಡಿದೆ. ಡಾಬರ್‌ಮನ್, ಹೆಣ್ಣು, 7 ವರ್ಷ. ಬಲಗಡೆ ಮಣಿಕಟ್ಟಿನ ಮೇಲೆ ನಿಂಬೆಹಣ್ಣಿನಷ್ಟು ಗಟ್ಟಿಯಾಗಿ ಊದಿದೆ. ಗೇಟಿಗೆ ತಗುಲಿರಬೇಕು ಅಂದುಕೊಂಡಿದ್ದೆವು, ಈಗ ಕಾಲು ಊರುತ್ತಲೇ ಇಲ್ಲ. ಭಾನುವಾರದವರೆಗೆ ನೋಡಲಾ?

ಕಲ್ಪತರು_ಪಶುವೈದ್ಯ:

ಬೇಡ, ನಾಳೆ ಬೆಳಿಗ್ಗೆಯೇ ಹೋಗಿ. ಪೆಟ್ಟೇ ಆಗಿರಬಹುದು, ಆದರೆ ಆ ಜಾಗ, ಆ ತಳಿ, ಆ ವಯಸ್ಸಿಗೆ ಭಾನುವಾರದವರೆಗೆ ಕಾಯುವ ಹಾಗಿಲ್ಲ. ಅಲ್ಲಿವರೆಗೆ ಮೆಟ್ಟಿಲು ಹತ್ತಿಸಬೇಡಿ, ಜಿಗಿಯೋಕೆ ಬಿಡಬೇಡಿ, ಗಾಡಿಗೆ ಇಬ್ಬರು ಸೇರಿ ಎತ್ತಿ ಹತ್ತಿಸಿ. ಕಾಲಿನ ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ಎದೆಯದನ್ನೂ ಅಲ್ಲೇ ತೆಗೆಸಿಕೊಂಡು ಬನ್ನಿ.