ಹೊಸ ಸ್ಪ್ಲೆಂಡರ್ ಕೊಳ್ಳುವುದೇ, 2018ರ ಹಳೆಯದೇ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಹಾಸನದಲ್ಲಿ ಕೆಲಸ ಸಿಕ್ಕಿದೆ. ಚನ್ನರಾಯಪಟ್ಟಣದಿಂದ ದಿನವೂ ಬೈಕಿನಲ್ಲೇ ಹೋಗಿಬರಬೇಕು. ಹೊಸ ಸ್ಪ್ಲೆಂಡರ್ ಪ್ಲಸ್‌ಗೆ ರಸ್ತೆ ತೆರಿಗೆ, ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಸೇರಿದರೆ 90,000 ರೂಪಾಯಿ ದಾಟುತ್ತದೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೂ ನಮಗದು ಭಾರವೇ, ಸಾಲ ಮಾಡಲೇಬೇಕು.

ಪರಿಚಿತರೊಬ್ಬರು 2018ರ ಬಿಎಸ್4 (ಹಿಂದಿನ ಹೊಗೆ ಮಾಲಿನ್ಯ ಮಾನದಂಡದ) ಸ್ಪ್ಲೆಂಡರ್ ಗಾಡಿಯನ್ನು 42,000ಕ್ಕೆ ಕೊಡುತ್ತಾರೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಸರಳ ಭಾಗವಾದ ಕಾರ್ಬ್ಯುರೇಟರ್ ಇರುವುದರಿಂದ ಊರಿನ ಮೆಕ್ಯಾನಿಕ್ಕೇ ರಿಪೇರಿ ಮಾಡಬಲ್ಲರು, ನೋಂದಣಿ 2033ರವರೆಗಿದೆ. ನನ್ನ ಒಲವು ಇದರತ್ತಲೇ. ಆದರೆ ತಮ್ಮ ರಾತ್ರಿ ಪಾಳಿ ಮುಗಿಸಿ ಬರುವಾಗ ಗಾಡಿ ದಾರಿಯಲ್ಲಿ ಕೈಕೊಟ್ಟರೆ ಎಂಬ ಆತಂಕ ಬಿಡುತ್ತಿಲ್ಲ.

ಇಷ್ಟು ಹಳೆಯ ಗಾಡಿಯನ್ನು ದಿನವೂ ದೂರ ಓಡಿಸುವವರು ಯಾರಾದರೂ ಇದ್ದೀರಾ? ವರ್ಷಕ್ಕೆ ರಿಪೇರಿ ಖರ್ಚು ಎಷ್ಟಾಗುತ್ತದೆ? ಕೊಳ್ಳುವ ಮುನ್ನ ಎಂಜಿನ್‌ನಲ್ಲಿ ಏನೇನು ನೋಡಬೇಕು? ದಯವಿಟ್ಟು ತಿಳಿಸಿ, ಭಾನುವಾರದೊಳಗೆ ಅವರಿಗೆ ಉತ್ತರ ಕೊಡಬೇಕಾಗಿದೆ.